ನನಗೆ ಪರಿಚಿತರು

ಎರಡು ಹೆಬ್ಬೆಟ್ಟೂ ಒಂದೇ ಕೈಯದಲ್ಲ ಎಂದು ಮೇಧಾಗೆ ಅನ್ನಿಸಿದ್ದು ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿರುವಾಗ, ಸಾಗರದ ಕೋರ್ಟಿಗೆ ಕೂಗಳತೆಯಲ್ಲಿರುವ ತನ್ನ ಸೀನಿಯರ್ ವಕೀಲ ನಾರಾಯಣಮೂರ್ತಿಯವರ ಆಫೀಸಿನಲ್ಲಿ, ಫೈಲಿನ ದಾರ ಬಿಗಿಯುತ್ತಿದ್ದಾಗ. ಎರಡು ವರ್ಷದ ಹಿಂದೆ ಹಾಕಿದ ದಾವೆಯ ಕೊನೆಯ ಪುಟದಲ್ಲಿ ಕಕ್ಷಿಗಾರ್ತಿ ಮಾಸ್ತಮ್ಮನ ಎಡಗೈ ಹೆಬ್ಬೆಟ್ಟು ಬರೀ ಒಂದು ಕಲೆ. ನೇರಳೆಹಣ್ಣು ಜಜ್ಜಿದ ಹಾಗೆ, ಒಳಗೆ ಒಂದೇ ಒಂದು ಗೆರೆಯಿಲ್ಲ. ಮೂರು ವಾರದ ಹಿಂದಿನ ರಾಜಿ ಅರ್ಜಿಯಲ್ಲಿ ಅದೇ ಮಾಸ್ತಮ್ಮನ ಅದೇ ಎಡಗೈ ಹೆಬ್ಬೆಟ್ಟು. ಆದರೆ ಗೆರೆಗಳು ಸುತ್ತಿ ಸುತ್ತಿ ನಡುವಿಗೆ ಹೋಗಿ ನಿಂತಿವೆ, ಬೇಕಾದರೆ ಎಣಿಸಬಹುದು. ಅದರ ಕೆಳಗೊಂದು ಸಾಲು: ಇವರು ನನಗೆ ಪರಿಚಿತರು, ಅರ್ಜಿಯನ್ನು ಇವರಿಗೆ ಓದಿ ಹೇಳಲಾಗಿ, ಅರ್ಥ ಮಾಡಿಕೊಂಡು ನನ್ನ ಸಮಕ್ಷಮ ಹೆಬ್ಬೆಟ್ಟು ಒತ್ತಿರುತ್ತಾರೆ. ಆ ಸಾಲಿನ ಕೆಳಗೆ ಅವಳ ಸಹಿ. ಮೇಧಾ ಜಿ., ವಕೀಲರು. ಬೆಂಗಳೂರಿಗೆ ಹೋಗಿ ವಕೀಲಿಕೆಯ ಸನ್ನದು ತರುವ ಮೊದಲು ಡೈರಿಯ ಕೊನೆಯ ಪುಟಗಳಲ್ಲಿ ಎಷ್ಟೋ ಸಲ ಬರೆದು ಬರೆದು ಒಗ್ಗಿಸಿಕೊಂಡ ಸಹಿ ಅದು. ಕೊನೆಯ ಅಕ್ಷರದಿಂದ ಒಂದು ಗೆರೆ ಹಿಂದಕ್ಕೆ ಬಂದು ಇಡೀ ಹೆಸರನ್ನು ಎತ್ತಿ ಹಿಡಿದ ಹಾಗಿರುತ್ತದೆ. ಈಗ ನೋಡಿದರೆ ಆ ಗೆರೆಯೇ ಬಾಗಿ ನಿಂತು ಏನನ್ನೋ ಮುಚ್ಚಿಕೊಂಡಂತೆ ಕಂಡಿತು.

ಅವತ್ತು ಯಾರು ಬಂದಿದ್ದರು? ಅವಳು ಕಣ್ಣು ಮುಚ್ಚಿ ನೋಡಿದಳು. ಒಂದು ಕಂದು ಸೀರೆಯ ಅಂಚು. ಹೊರಗಿನ ಬೆಂಚಿನ ಕೆಳಗೆ ಜೋಡಿಸಿಟ್ಟ, ಒಂದರ ಬಾರು ತಂತಿಯಲ್ಲಿ ಕಟ್ಟಿದ ಹವಾಯಿ ಚಪ್ಪಲಿ. ಗುಮಾಸ್ತ ಪೂರ್ಣೇಶ್ ಇಂಕಿನ ಪ್ಯಾಡು ಹಿಡಿದುಕೊಂಡು ಹೊರಗೆ ಹೋದದ್ದು, ಕಾಗದಕ್ಕೆ ಉಫ್ ಎಂದು ಊದುತ್ತ ಒಳಗೆ ಬಂದದ್ದು, 'ಇಲ್ಲೊಂದು ಹಾಕಿ ಮೇಡಂ' ಎಂದದ್ದು. ಮುಖ? ಮುಖ ಇಲ್ಲ. ಅವಳ ನೆನಪಿನಲ್ಲಿ ಯಾರಿಗೂ ಮುಖವಿರುವುದಿಲ್ಲ. ಚಪ್ಪಲಿ, ಸೀರೆಯಂಚು, ಮಾತಾಡುವಾಗ ಮೇಜಿನ ಮೇಲೆ ಬಡಿಯುವ ಬೆರಳು ಇಷ್ಟೇ. ಹೊಸನಗರದಿಂದ ಅಮ್ಮ ಮೂಕಾಂಬಿಕಾ ಫೋನಿನಲ್ಲಿ ವಾರಕ್ಕೊಮ್ಮೆಯಾದರೂ ಹೇಳುವ ಮಾತಿದೆ: ಕೂಸೇ, ಜನರ ಮುಖ ನೋಡಿ ಮಾತಾಡದು ಕಲಿ, ನೀನು ಹೀಂಗೆ ನೆಲ ನೋಡ್ತಾ ನಿಂತ್ರೆ ಕೇಸೂ ನೆಲಕ್ಕೇ ಹೋಗ್ತು. ಮೊದಲ ಸಲ ಒಂದು ದಿನಾಂಕ ಕೇಳಲು ಎದ್ದು ನಿಂತಾಗ ನ್ಯಾಯಾಧೀಶರು ಕೋರ್ಟಿನ ಆಚೆ ಮೂಲೆ ನೋಡಿ, 'ಯಾರು ಮಾತಾಡಿದ್ದು? ಜೋರಾಗಿ ಹೇಳಿ' ಎಂದಿದ್ದರು. ಹಿರಿಯ ವಕೀಲರ ಸಾಲಿನಲ್ಲಿ ಸಣ್ಣ ನಗೆ ಎದ್ದಿತ್ತು. ಅದು ಡೈರಿಯಲ್ಲಿ ಎರಡು ಪುಟ ಇದೆ. ಮಾಸ್ತಮ್ಮ ಹೆಬ್ಬೆಟ್ಟು ಒತ್ತಿದ ದಿನದ ಪುಟವನ್ನು ಚೀಲದಿಂದ ತೆಗೆದು ನೋಡಿದರೆ ಅಲ್ಲಿ, ಕೋಟಿನ ತೋಳು ಉದ್ದವಾಗಿದೆ, ಟೈಲರ್ ತನುಜಾ ಹತ್ತಿರ ಹೋಗಬೇಕು ಎಂದಿತ್ತು. ಮಧ್ಯಾಹ್ನ ಕಿಟಕಿಯಿಂದ ಬಿದ್ದ ಬಿಸಿಲು ಫೈಲುಗಳ ಮೇಲೆ ಹಳದಿ ಬೆಕ್ಕಿನಂತೆ ಮಲಗಿತ್ತು ಎಂದಿತ್ತು. ಹೊರಗೆ ಒಬ್ಬ ಹೆಂಗಸು ಕೂತಿದ್ದಳು ಎಂದು ಒಂದಕ್ಷರ ಇರಲಿಲ್ಲ. ಬೆಕ್ಕು ಕಂಡಿದೆ, ಹೆಂಗಸು ಕಂಡಿಲ್ಲ.

ಪೂರ್ಣೇಶ್ ಆಗ ತಾನೇ ಬಂದು ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದ. ಇಪ್ಪತ್ತು ವರ್ಷದಿಂದ ಇಲ್ಲೇ ಇರುವವನು. ಯಾವ ಮಾತನ್ನು ಯಾರ ಕಿವಿಗೆ ಎಷ್ಟು ಹಾಕಬೇಕೆಂದು ಅಳತೆ ಗೊತ್ತಿರುವವನು. ಮೇಧಾ ನೇರ ಕೇಳಲಿಲ್ಲ. ಹೆಬ್ಬೆಟ್ಟು ಕೆಲವು ಸಲ ಗೆರೆಯೇ ಇಲ್ಲದ ಹಾಗೆ ಬೀಳುತ್ತದಲ್ಲ, ಅದು ಯಾಕೆ ಎಂದು, ಕಾನೂನಿನ ಸಂದೇಹವೆಂಬಂತೆ ಕೇಳಿದಳು. ಇಂಕು ಜಾಸ್ತಿಯಾದರೆ ಗೆರೆ ಮುಚ್ಚಿಹೋಗುತ್ತದೆ, ಅಡಿಕೆ ಸುಲಿದವರದ್ದಾದರೆ ಇಂಕು ಎಷ್ಟೇ ಇರಲಿ ಬೀಳುವುದೇ ಇಲ್ಲ, ಕತ್ತಿಗೆ ಸಿಪ್ಪೆ ಒತ್ತಿ ಒತ್ತಿ ಬೆರಳು ಗಾಜಿನಂತಾಗಿರುತ್ತದೆ ಎಂದ. ಆಮೇಲೆ ಊದುಬತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, 'ಯಾಕೆ ಮೇಡಂ?' ಎಂದ. ಆ 'ಯಾಕೆ' ತುಸು ತಡವಾಗಿ ಬಂತು ಎಂದು ಅವಳಿಗೆ ಅನ್ನಿಸಿತು. ಅವನು ಒಳಗೆ ಹೋದಾಗ ಪ್ಯಾಡು ತೆರೆದು ತನ್ನ ಎಡ ಹೆಬ್ಬೆಟ್ಟನ್ನು ಅದ್ದಿ ರದ್ದಿ ಕಾಗದಕ್ಕೆ ಒತ್ತಿದಳು. ಇಂಕು ಕಡಿಮೆ ಮಾಡಿ ಒಂದು, ಜಾಸ್ತಿ ಮಾಡಿ ಒಂದು, ಒರೆಸಿ ಒಂದು. ಇಂಕು ಜಾಸ್ತಿಯಾದದ್ದರಲ್ಲೂ ಅಂಚಿನಲ್ಲಿ ಗೆರೆ ಉಳಿದಿತ್ತು. ದಾವೆಯ ಹೆಬ್ಬೆಟ್ಟಿನಲ್ಲಿ ಅಂಚಿನಲ್ಲೂ ಇಲ್ಲ. ಹಾಗಾದರೆ ಅದು ಸುಲಿದವಳ ಬೆರಳು. ಇದು ಸುಲಿಯದವಳದ್ದು. ಬ್ಯಾಕೋಡಿನ ಒಬ್ಬ ಮಾಸ್ತಮ್ಮ ತನ್ನ ಅಣ್ಣ ಪುಟ್ಟಪ್ಪನ ಮೇಲೆ ಪಾಲು ಕೇಳಿ ದಾವೆ ಹಾಕಿದ್ದಾಳೆ. ಇನ್ನೊಬ್ಬಳು ಯಾರೋ ಬಂದು ರಾಜಿಗೆ ಒತ್ತಿ ಹೋಗಿದ್ದಾಳೆ. ನಡುವೆ ನಿಂತು ಇವರೇ ಅವರು ಎಂದು ಹೇಳಿದವಳು ಮೇಧಾ ಜಿ., ವಕೀಲರು. ಹೆಬ್ಬೆರಳನ್ನು ಕರವಸ್ತ್ರಕ್ಕೆ ತಿಕ್ಕಿದಳು. ನೇರಳೆ ಬಣ್ಣ ಉಗುರಿನ ಸಂದಿಗೆ ಹೋಗಿ ಕೂತಿತು.

ನಾರಾಯಣಮೂರ್ತಿಯವರು ಬಂದದ್ದೇ ಫೋನಿನಲ್ಲಿ ಮಾತಾಡುತ್ತ. ಕೈಸನ್ನೆಯಲ್ಲೇ ಫೈಲು ಎಲ್ಲಿ ಎಂದರು, ಅವಳು ತೋರಿಸಿದಳು. ಫೋನು ಇಟ್ಟ ಮೇಲೆ, ತನಗೆ ಮೇಲಿನ ಮಹಡಿಯ ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ಇದೆ, ಮಾಸ್ತಮ್ಮನ ರಾಜಿಯನ್ನು ನೀನೇ ನಡೆಸು ಎಂದರು. ಪಾರ್ಟಿಗಳು ಬರುತ್ತಾರೆ. ಗುರುತಿಸುವವರು ಯಾರು, ಓದಿ ಹೇಳಿದ್ದೀರಾ ಎಂದು ಎರಡು ಪ್ರಶ್ನೆ ಕೇಳುತ್ತಾರೆ, ಹೌದು ಅಂದರಾಯಿತು. ಒಂದು ವರ್ಷದಲ್ಲಿ ಅವಳಿಗೆ ಒಬ್ಬಳೇ ನಿಲ್ಲಲು ಕೊಟ್ಟ ಮೊದಲ ಕೇಸು ಇದು. ನಿನ್ನೆಯಾಗಿದ್ದರೆ ಡೈರಿಯಲ್ಲಿ ನಾಲ್ಕು ಪುಟವಾಗುತ್ತಿತ್ತು. ಇವತ್ತು, ಯಾಕೆ ಇದೇ ಕೇಸು ಎಂದು ಯೋಚಿಸಿದಳು. ಹೋದ ಭಾನುವಾರ ತೀರ್ಥಹಳ್ಳಿಯ ಮದುವೆಗೆ ಇವರು ಹೋದದ್ದು ಪುಟ್ಟಪ್ಪನ ವಕೀಲ ಶ್ರೀನಾಥ್ ಅವರ ಕಾರಿನಲ್ಲಿ. ಕೋರ್ಟಿನಲ್ಲಿ ಕಚ್ಚಾಡಿ ಕ್ಯಾಂಟೀನಿನಲ್ಲಿ ಒಂದೇ ತಟ್ಟೆಯ ಬಜ್ಜಿ ತಿನ್ನುವುದು ಈ ವೃತ್ತಿಯ ಸಭ್ಯತೆ ಎಂದು ಅವರೇ ಹೇಳಿಕೊಟ್ಟಿದ್ದರು. ಅವಳು ಅದನ್ನೂ ಬರೆದಿಟ್ಟುಕೊಂಡಿದ್ದಳು. ಸಭ್ಯತೆ ಎಂಬ ಮಾತಿನ ಬೆನ್ನು ಹೇಗಿರುತ್ತದೆ ಎಂದು ಆಗ ತಿರುಗಿಸಿ ನೋಡಿರಲಿಲ್ಲ. ಬಾಗಿಲ ಹತ್ತಿರ ಹೋದವರು ನಿಂತು, 'ಬೆರಳಿಗೆ ಎಂತ ಆತು?' ಎಂದರು. ಸಲಿಗೆ ಬಂದಾಗ ಅವರು ಮನೆಮಾತಿಗೆ ಇಳಿಯುತ್ತಾರೆ. ಇಂಕು ಎಂದಳು. ಅವರು ನಕ್ಕು ಹೋದರು. ಯಾಕೆ ನಕ್ಕರು?

ಕೋರ್ಟಿನ ಪಡಸಾಲೆಯಲ್ಲಿ ಮಾರ್ಚಿನ ಸೆಕೆ, ಜೆರಾಕ್ಸಿನ ವಾಸನೆ, ಕರಿ ಕೋಟಿನೊಳಗೆ ಬೆನ್ನ ಮೇಲೆ ಹುಳದಂತೆ ಇಳಿಯುವ ಬೆವರು. ಕಂದು ಸೀರೆ ಇರಲಿಲ್ಲ. ಹಸಿರು, ನೀಲಿ, ಹೂವಿನದು. ಒಂದೊಂದು ಸೀರೆಯ ಮೇಲೂ ಒಂದೊಂದು ಮುಖ ಇತ್ತು, ಅಷ್ಟನ್ನೂ ಅವಳು ಇವತ್ತು ನೋಡಬೇಕಿತ್ತು. ನೋಡಿದಳು. ನೋಡಿಸಿಕೊಂಡವರು ತಿರುಗಿ ನೋಡಿದರು. ಒಬ್ಬಳು, 'ಲಾಯರು ಎಲ್ಲಿ ಸಿಗ್ತಾರಮ್ಮ?' ಎಂದು ಇವಳನ್ನೇ ಕೇಳಿದಳು. ಆಗ ಬೆನ್ನ ಹಿಂದೆ ಯಾರೋ, 'ಓ, ಇಲ್ಲೇ ಇದಾರಲ್ಲ ನಮ್ಮ ಲಾಯರಮ್ಮ' ಎಂದರು. ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದವಳಿಗೆ ಅರವತ್ತರ ಮೇಲಾಗಿತ್ತು. ತೊಡೆಯ ಮೇಲೆ ಬಟ್ಟೆ ಅಂಗಡಿಯ ಚೀಲ, ಎರಡು ಕೈಯೂ ಸೆರಗಿನೊಳಗೆ. ಕೆಳಗೆ ತಂತಿ ಕಟ್ಟಿದ ಚಪ್ಪಲಿ. ಚಪ್ಪಲಿ ಅದೇ. ಅಂದರೆ ಅವತ್ತು ಬಂದವಳು ಇವಳೇ. ಆದರೆ ಇವಳು ಮಾಸ್ತಮ್ಮನೇ ಎಂದು ಚಪ್ಪಲಿ ಹೇಳುವುದಿಲ್ಲವಲ್ಲ.

ಮೇಧಾ ಪಕ್ಕದಲ್ಲಿ ಕೂತಳು. ತನ್ನನ್ನು ಹೇಗೆ ಗುರುತು ಹಿಡಿದಿರಿ ಎಂದು ಕೇಳಿದಳು. ಧ್ವನಿಯಲ್ಲಿ ಪಾಟೀಸವಾಲಿನ ಮೊನೆ ಇದ್ದದ್ದು ಅವಳಿಗೇ ಕೇಳಿಸಿತು.

'ಬೈತಲೆ ನೋಡಿ,' ಎಂದಳು ಆಕೆ. 'ಅವತ್ತು ಒಂದು ಗಂಟೆ ಬಾಗಿಲಲ್ಲಿ ಕೂತಿದ್ದೆ. ನೀವು ತಲೆ ಎತ್ತಲೇ ಇಲ್ಲ. ಬೈತಲೆ ಸ್ವಲ್ಪ ವಾರೆ ಇದೆ ನೋಡಿ, ಹಾಗಾಗಿ ಸಿಕ್ತು ಗುರ್ತು. ಮುಖ ಇವತ್ತೇ ಕಂಡಿದ್ದು.'

ಮೇಧಾಳ ಕೈ ತಾನಾಗಿ ತಲೆಗೆ ಹೋಯಿತು. ಆಕೆ ಆ ಕೈಯನ್ನು ಹಿಡಿದು, ಹೆಬ್ಬೆರಳು ತಿರುಗಿಸಿ ನೋಡಿ, 'ಇದೇನಮ್ಮ, ನೀವೂ ಹೆಬ್ಬೆಟ್ಟಾ?' ಎಂದು ನಕ್ಕಳು. ನಗುವಾಗ ಸೆರಗಿನಿಂದ ಇನ್ನೊಂದು ಕೈ ಹೊರಬಂತು. ಎಡಗೈ. ಮೇಧಾ ನೋಡಿದಳು, ಕಳ್ಳತನದಲ್ಲಿ ನೋಡುವ ಹಾಗೆ. ಹೆಬ್ಬೆರಳ ತುದಿಯಲ್ಲಿ ಗೆರೆಗಳಿದ್ದವು. ಕತ್ತಿಯ ಹಳೆಯ ಗಾಯದ ಎರಡು ಬಿಳಿ ಗೀರುಗಳ ನಡುವೆ, ತೆಳ್ಳಗೆ, ಸುತ್ತಿಕೊಂಡು. ಸುಲಿದವರ ಬೆರಳಿನಲ್ಲಿ ಗೆರೆ ಇರುವುದಿಲ್ಲವಂತಲ್ಲ ಎಂದಳು, ಯಾರೋ ಹೇಳಿದ್ದನ್ನು ನೆನೆಸಿಕೊಂಡವಳಂತೆ, ಕಿಟಕಿಯ ಕಡೆ ನೋಡುತ್ತ.

'ಹೌದು ಮತ್ತೆ. ರೇಷನ್ ಅಂಗಡಿ ಮಿಷನ್ನು ನನ್ನ ಬೆರಳು ಒಪ್ತಲೇ ಇರಲಿಲ್ಲ. ನೀನು ಮಾಸ್ತಮ್ಮ ಅಲ್ಲ ಅಂತಿತ್ತು. ಮೂರ್ಮೂರು ಸಲ ಒರೆಸಿ ಒರೆಸಿ ಇಡ್ತಿದ್ದೆ. ಈಗ ಸುಲಿಯೋದಕ್ಕೂ ಮಿಷನ್ ಬಂತಲ್ಲ, ಎರಡು ಕೊಯ್ಲಿಂದ ಯಾರೂ ಕರೆಯಲ್ಲ. ಬೆರಳು ಸುಮ್ನೆ ಕೂತ್ಕಂಡು ಗೆರೆ ಬಿಟ್ಕಂಡಿದೆ, ಹೊಸಾ ಮದುಮಗಳ ಕೈ ಆದಂಗೆ ಆಗಿದೆ.'

ಅವಳು ಬೆರಳನ್ನು ಬೆಳಕಿಗೆ ಹಿಡಿದು ತಾನೇ ನೋಡಿಕೊಂಡಳು. ಮೇಧಾಗೆ ಮೊದಲು ಬಂದದ್ದು ನೆಮ್ಮದಿ. ಎರಡೂ ಒಂದೇ ಕೈ. ಸಹಿ ಉಳಿಯಿತು. ಅದರ ಬೆನ್ನಿಗೇ ನಾಚಿಕೆ ಬಂತು: ಈ ಹೆಂಗಸಿನ ಪಾಲಿಗೆ ಸುಲಿಯುವ ಕೆಲಸ ನಿಂತದ್ದು, ತನ್ನ ಪಾಲಿಗೆ ಬಚಾವು. ಬೆಳಿಗ್ಗೆಯಿಂದ ಇಬ್ಬರು ಮನುಷ್ಯರನ್ನು ಮನಸ್ಸಿನಲ್ಲೇ ಜೈಲಿಗೆ ಹಾಕಿ ಆಗಿತ್ತು. ಪೂರ್ಣೇಶನ ತಡವಾದ 'ಯಾಕೆ', ಸರ್ ನಕ್ಕ ನಗು, ಎಲ್ಲವನ್ನೂ ವಾಪಸು ಕೊಡಬೇಕು. ಮಾತಿಗೆ ಮಾತು ಸೇರಿಸಲೆಂದು ಕೇಳಿದಳು, ಸುಲಿಯುವುದು ಹೋದ ಮೇಲೆ ಜೀವನಕ್ಕೇನು ಎಂದು. ಹಿನ್ನೀರಿಗೆ ಸೇತುವೆ ಆಯಿತಲ್ಲ, ಲಾಂಚಿಗೆ ಕಾಯುತ್ತ ಕೂರುವುದು ತಪ್ಪಿ ಈಗ ರಸ್ತೆಯಲ್ಲಿ ವಾಹನವೋ ವಾಹನ, ನಮ್ಮ ಜಾಗ ರಸ್ತೆಗೇ ಅಂಟಿಕೊಂಡಿದೆ, ಅಲ್ಲೊಂದು ಚಾದಂಗಡಿ ಇಟ್ಟಿದ್ದೇನೆ ಎಂದಳು ಮಾಸ್ತಮ್ಮ. ಹನ್ನೆರಡು ಗುಂಟೆ. ಹಿಂದೊಂದು ತಗಡಿನ ಕೋಣೆ, ಮಲಗುವುದೂ ಅಲ್ಲೇ. ಅದೊಂದು ತನಗಿರಲಿ, ಗುಡ್ಡದ ಮೇಲಿನ ಒಂದೆಕರೆ ಬೇಕಾದರೆ ಅಣ್ಣನೇ ಇಟ್ಟುಕೊಳ್ಳಲಿ ಅಂತ ರಾಜಿಗೆ ಒಪ್ಪಿದೆ. ಗುಡ್ಡ ಹತ್ತುವುದಕ್ಕೆ ತನಗೆ ಕಾಲೆಲ್ಲಿದೆ? ಅಣ್ಣನೂ ಈಗ ಪರವಾಗಿಲ್ಲ, ಇವತ್ತು ಬಸ್ಸಿನಲ್ಲಿ ತಾನೇ ಕರಕೊಂಡು ಬಂದ, ಇಳಿದ ಮೇಲೆ ಬನ್ಸು ತಿನ್ನಿಸಿದ. ಪಡಸಾಲೆಯ ಆ ತುದಿಯಲ್ಲಿ ಬಿಳಿ ಅಂಗಿಯ ಪುಟ್ಟಪ್ಪ ಶ್ರೀನಾಥ್ ಅವರ ಪಕ್ಕ ನಿಂತು, ಇತ್ತ ನೋಡದೆ ಮೊಬೈಲು ಉಜ್ಜುತ್ತಿದ್ದ.

ಎರಡು ವರ್ಷ ಪಾಲು ಕೊಡದ ಅಣ್ಣ ಬನ್ಸು ತಿನ್ನಿಸಿದ ಎಂಬಲ್ಲಿ ಮೇಧಾಳ ಮನಸ್ಸು ತಡೆಯಿತು. ಫೈಲು ತೊಡೆಯ ಮೇಲೆಯೇ ಇತ್ತು. ಓದಿ ಹೇಳಲಾಗಿ ಎಂದು ಬರೆದದ್ದನ್ನು ಒಮ್ಮೆ ಓದಿಯೇ ಬಿಡೋಣ, ಹೇಗೂ ಕೇಸು ಕೂಗುವುದಕ್ಕೆ ಇನ್ನೂ ಹೊತ್ತಿದೆ ಎಂದುಕೊಂಡು ಅರ್ಜಿ ತೆಗೆದಳು. ನಿಧಾನವಾಗಿ ಓದಿದಳು, ಹೆಬ್ಬೆರಳನ್ನು ಅಂಚಿಗೆ ಒತ್ತಿ ಹಿಡಿದು. ಎ ಷೆಡ್ಯೂಲು ಆಸ್ತಿ ಪೂರ್ತಿಯಾಗಿ ಪ್ರತಿವಾದಿಗೆ ಸೇರತಕ್ಕದ್ದು. ಬಿ ಷೆಡ್ಯೂಲು ಆಸ್ತಿ ವಾದಿಗೆ ಸೇರತಕ್ಕದ್ದು. ವಾದಿ ಮೂರು ತಿಂಗಳೊಳಗೆ ಎ ಷೆಡ್ಯೂಲು ಆಸ್ತಿಯ ಸ್ವಾಧೀನ ಬಿಟ್ಟುಕೊಡತಕ್ಕದ್ದು. ಮಾಸ್ತಮ್ಮ ಪೂಜೆಯಲ್ಲಿ ಮಂತ್ರ ಕೇಳುವವರ ಹಾಗೆ ಗೋಣು ಹಾಕುತ್ತಿದ್ದಳು. ಮೇಧಾ ಪುಟ ತಿರುಗಿಸಿ ಆಸ್ತಿ ವಿವರದ ಷೆಡ್ಯೂಲು ನೋಡಿದಳು. ಎ ಎಂದರೆ ರಸ್ತೆ ಬದಿಯ ಹನ್ನೆರಡು ಗುಂಟೆ. ಬಿ ಎಂದರೆ ಗುಡ್ಡ. ಬಾಯಿ ಬಿಟ್ಟು ಬಿಡಿಸಿ ಹೇಳಿದಳು: ಇದರಲ್ಲಿರುವ ಪ್ರಕಾರ ಅಂಗಡಿ ಇರುವ ಜಾಗ ಅಣ್ಣನಿಗೆ, ಗುಡ್ಡ ನಿಮಗೆ, ಮೂರು ತಿಂಗಳಲ್ಲಿ ನೀವು ಅಂಗಡಿ ತೆಗೆಯಬೇಕು.

ಮಾಸ್ತಮ್ಮನ ಗೋಣು ನಿಂತಿತು. ಸಿಟ್ಟು ಮಾಡಲಿಲ್ಲ. ಚಿಕ್ಕ ಮಕ್ಕಳ ತಪ್ಪು ತಿದ್ದುವಂತೆ ಹೇಳಿದಳು, 'ತಿರುಗಾ ಮುರುಗಾ ಓದ್ತಾ ಇದೀರಿ ಅಮ್ಮ. ಇನ್ನೊಂದು ಸಲ ಓದಿ.'

ಇನ್ನೊಂದು ಸಲ ಓದಿದರೂ ಅದೇ ಇತ್ತು.

ಆ ಅರ್ಜಿಯನ್ನು ಟೈಪು ಮಾಡಿದವಳು ಮೇಧಾ. ಸರ್ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ, ನಡುನಡುವೆ ಫೋನಿಗೆ ಉತ್ತರ ಕೊಡುತ್ತ ಹೇಳಿದ್ದರು, ಅವಳು ಬಡಿದಿದ್ದಳು. ಅವರು ಎ ಎಂದಿದ್ದರೇ, ಬಿ ಎಂದಿದ್ದರೇ? ಕಿವಿಯನ್ನು ಎಷ್ಟು ಹಿಂಡಿದರೂ ಫ್ಯಾನಿನ ಸದ್ದು ಮಾತ್ರ ಬಂತು. ಅವರು ಸರಿಯಾಗಿ ಹೇಳಿ ತಾನು ಬಿಸಿಲಿನ ಬೆಕ್ಕು ನೋಡುತ್ತ ತಪ್ಪು ಬಡಿದಿರಬಹುದು. ಅಥವಾ ಅವರು ತಪ್ಪು ಹೇಳಿರಬಹುದು. ಅಥವಾ ತಪ್ಪನ್ನೇ ಸರಿಯಾಗಿ ಹೇಳಿರಬಹುದು, ತಲೆ ಎತ್ತದವಳ ಹತ್ತಿರ ಬೇಕೆಂದೇ ಬರೆಸಿರಬಹುದು. ಬೆಳಿಗ್ಗೆ ಬರೀ ಹೆಬ್ಬೆಟ್ಟಿನ ಮೇಲಿದ್ದ ಅನುಮಾನ ಈಗ ಕಾಗದದ ಒಂದೊಂದು ಸಾಲಿಗೂ ಹತ್ತಿತು, ಅಲ್ಲಿಂದ ತನ್ನ ಹತ್ತು ಬೆರಳಿಗೂ ಹತ್ತಿತು. ಮುಖ ಸರಿ ಇದೆ, ಕೈ ಸರಿ ಇದೆ; ಸುಳ್ಳಾಗಿದ್ದದ್ದು ಒಂದೇ, ಓದಿ ಹೇಳಲಾಗಿ ಎಂಬ ಮಾತು, ಅದು ಯಾರೂ ಒತ್ತಾಯ ಮಾಡದೆ ಅವಳು ತಾನೇ ಸಹಿ ಮಾಡಿದ ಮಾತು.

ಸರ್ ಕೆಳಗಿಳಿದು ಬಂದದ್ದು ಆಗಲೇ, ಸಾಕ್ಷಿ ಬಂದಿರಲಿಲ್ಲವಂತೆ. ಅವಳು ಎದ್ದು ಕಂಬದ ಮರೆಗೆ ಹೋಗಿ, ಮಾಸ್ತಮ್ಮ ಹೇಳುವುದು ಹೀಗಲ್ಲ, ತಿರುಗಾ ಮುರುಗಾ ಆಗಿದೆ ಎಂದಳು. ಅವರು ಅರ್ಜಿ ತೆಗೆದುಕೊಂಡು ಕನ್ನಡಕ ಏರಿಸಿ ಓದಿದರು. ಓದುವಾಗ ಅವರ ಮುಖವನ್ನು ಅವಳು ನೋಡಿದಳು. ಒಂದು ವರ್ಷದಲ್ಲಿ ಮೊದಲ ಸಲ, ಬಿಡದೆ. ಹುಬ್ಬಿನ ಹತ್ತಿರ ಒಂದು ನರ ಸ್ವಲ್ಪ ಎದ್ದು ಮಲಗಿತು. ಅದು ಆಶ್ಚರ್ಯವೋ, ಸಿಕ್ಕಿಬಿದ್ದದ್ದೋ, ಬರೀ ವಯಸ್ಸೋ ಗೊತ್ತಾಗಲಿಲ್ಲ.

'ಯಾರು ಟೈಪ್ ಮಾಡಿದ್ದು?' ಎಂದರು, ಮೆತ್ತಗೆ.

'ನಾನು ಸರ್.'

'ಗುರುತಿಸಿ, ಓದಿ ಹೇಳಿದೆ ಅಂತ ಸಹಿ ಹಾಕಿದ್ದು?'

'ನಾನೇ.'

ಅವರು ಅರ್ಜಿಯನ್ನು ಮಡಿಸದೆ ಅವಳ ಕೈಗೇ ಕೊಟ್ಟರು. ಹಾಗಾದರೆ ಈಗ ಬಾಯಿ ಬಿಟ್ಟರೆ ಮೊದಲ ಪ್ರಶ್ನೆ ಬರುವುದು ಯಾರಿಗೆ ಎಂದು ಯೋಚನೆ ಮಾಡು ಎಂದರು. ಸನ್ನದು ಬಂದು ವರ್ಷವಾಗಿದೆ, ಅದರ ಮೇಲೆ ಒಂದು ದೂರು ಬಿತ್ತೆಂದರೆ ಆಮೇಲೆ ಯಾವ ಆಫೀಸೂ ಕೂರಿಸಿಕೊಳ್ಳುವುದಿಲ್ಲ. ಇವತ್ತು ದಾಖಲಾಗಿಬಿಡಲಿ, ಮುಂದಿನ ವಾರ ತಿದ್ದುಪಡಿಗೆ ಅರ್ಜಿ ಹಾಕಿಕೊಂಡರಾಯಿತು, ಇಂಥದ್ದೆಲ್ಲ ಆಗುತ್ತಿರುತ್ತದೆ. 'ನಿಂಗೆ ಒಳ್ಳೇದಾಗ್ಲಿ ಅಂತ ಹೇಳ್ತಾ ಇದ್ದೆ ಕೂಸೆ,' ಎಂದರು. ಅಮ್ಮನ ಮಾತು, ಅಮ್ಮನದೇ ಧಾಟಿ. ಅವರು ಜೋರು ಮಾಡಿದ್ದರೆ ಅವಳು ಹೆದರಿ ಹೌದು ಅನ್ನುತ್ತಿದ್ದಳೇನೋ. ಮೆತ್ತಗಿದ್ದದ್ದರಿಂದ ಒಳಗೆ ಏನೋ ಕಿವಿ ನಿಮಿರಿಸಿತು. ಒಮ್ಮೆ ದಾಖಲಾದ ರಾಜಿಯನ್ನು ಬಿಡಿಸುವುದು ಎಷ್ಟು ಕಷ್ಟವೆಂದು ಪರೀಕ್ಷೆಗೆ ಓದಿದ್ದು ನೆನಪಿತ್ತು. ಎರಡೂ ಕಡೆಯವರು ಒಪ್ಪಿದರೆ ಮಾತ್ರ ತಿದ್ದುಪಡಿ ಸಲೀಸು. ಪುಟ್ಟಪ್ಪ ಒಪ್ಪುತ್ತಾನೆಯೇ? ತಲೆ ತಿರುಗಿಸಿದರೆ ಅವನು ಈಗ ಮೊಬೈಲು ಬಿಟ್ಟು ಇತ್ತಲೇ ನೋಡುತ್ತಿದ್ದ.

ಕೂಗಿದರು. ಮಾಸ್ತಮ್ಮ, ಪುಟ್ಟಪ್ಪ. ಒಳಗೆ ಹೋದಾಗ ಮಾಸ್ತಮ್ಮ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಳು, ದೇವಸ್ಥಾನವೆಂಬಂತೆ. ಶ್ರೀನಾಥ್ ಎದ್ದು ನಿಂತು, ರಾಜಿಯಾಗಿದೆ, ಇಬ್ಬರೂ ಹಾಜರಿದ್ದಾರೆ ಎಂದರು. ನಾರಾಯಣಮೂರ್ತಿಯವರು ಹಿಂದಿನ ಕುರ್ಚಿಯಲ್ಲಿ ಕೂತರು. ಕೂತದ್ದು ಬೆನ್ನಿಗೆ ಗೊತ್ತಾಯಿತು. ಅರ್ಜಿ ಅವಳ ಕೈಯಿಂದ ಬೆಂಚ್ ಕ್ಲರ್ಕಿಗೆ, ಅಲ್ಲಿಂದ ಮೇಲಕ್ಕೆ ಹೋಯಿತು. ನ್ಯಾಯಾಧೀಶರು ಪುಟ ತಿರುಗಿಸಿ, 'ವಾದಿಯನ್ನ ಗುರುತಿಸೋರು ಯಾರು? ಮೇಧಾ ಅಂದ್ರೆ ನೀವಾ? ಇವರ ಪರಿಚಯ ಇದೆಯೇನಮ್ಮ?' ಎಂದರು.

ಹೌದು ಅಂದರಾಯಿತು. ಎರಡಕ್ಷರ. ಮಾಸ್ತಮ್ಮ ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಹೆಬ್ಬೆರಳನ್ನು ಇನ್ನೊಂದು ಕೈಯ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಿದ್ದಳು, ಯಾರಾದರೂ ಮತ್ತೆ ಕೇಳಿಬಿಟ್ಟಾರು ಎಂಬಂತೆ.

'ಇವತ್ತಿನಿಂದ ಇದೆ, ಸ್ವಾಮಿ,' ಎಂದಳು ಮೇಧಾ.

'ಕೇಳಿಸಲಿಲ್ಲ. ಜೋರಾಗಿ ಹೇಳಿ.'

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ದೊಡ್ಡ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ; ಮೊದಲ ಸಲ ಮಾತು ಬಾಯಿಂದ ಜಾರಿದರೂ ಆಯಿತು, ಎರಡನೆಯ ಸಲ ಎತ್ತಿ ಇಡಬೇಕು. ತಲೆ ಎತ್ತಿದಳು. ನ್ಯಾಯಾಧೀಶರ ಎಡಗೆನ್ನೆಯ ಮೇಲೆ ಒಂದು ಮಚ್ಚೆ ಇತ್ತು; ವರ್ಷವಿಡೀ ಕಂಡಿರಲಿಲ್ಲ.

'ಇವರ ಪರಿಚಯ ಇವತ್ತಿನಿಂದ ಇದೆ. ಸಹಿ ಹಾಕಿದ ದಿನ ನಾನು ಇವರ ಮುಖ ನೋಡಿರಲಿಲ್ಲ. ಅರ್ಜಿ ಓದಿ ಹೇಳಿರಲಿಲ್ಲ. ಈಗ ಹೊರಗೆ ಓದಿ ಹೇಳಿದೆ. ಇವರು ಒಪ್ಪಿದ್ದು ಇದಕ್ಕಲ್ಲ. ಟೈಪು ಮಾಡಿದವಳೂ ನಾನೇ.'

ಕೋರ್ಟಿನ ಟೈಪಿಸ್ಟು ತಲೆ ಎತ್ತಿದ. ಶ್ರೀನಾಥ್ ಏಳಲು ಹೋಗಿ ನಾರಾಯಣಮೂರ್ತಿಯವರ ಕಡೆ ನೋಡಿದರು. ಅವರ ಕಡೆಯೇ ನೋಡಿದ್ದು ಮೇಧಾಗೆ ಕಂಡಿತು, ಕಂಡದ್ದಕ್ಕೆ ಏನು ಅರ್ಥವೆಂದು ತಿಳಿಯಲಿಲ್ಲ, ಮುಂದೆಂದಾದರೂ ತಿಳಿದೀತು ಎಂಬ ಭರವಸೆಯೂ ಇರಲಿಲ್ಲ. ನ್ಯಾಯಾಧೀಶರು ಮಾಸ್ತಮ್ಮನನ್ನು ಹತ್ತಿರ ಕರೆದು ನೀನೇ ಹೇಳಮ್ಮ ಎಂದರು. ರಸ್ತೆ ಬದಿಯದು ನನಗೆ, ಗುಡ್ಡ ಅಣ್ಣಂಗೆ, ಹಾಗಂತ ಹೇಳಿ ಒತ್ತಿದ್ದು ಎಂದಳು ಆಕೆ. ಒಂದು ಕ್ಷಣ ತಡೆದು, ಅಲ್ಲಿ ಚಾದಂಗಡಿ ಇದೆ ಎಂದೂ ಸೇರಿಸಿದಳು. ಪುಟ್ಟಪ್ಪ ನೆಲ ನೋಡುತ್ತಿದ್ದ. ಈ ರಾಜಿ ದಾಖಲಾಗುವುದಿಲ್ಲ, ಮುಂದಿನ ದಿನಾಂಕಕ್ಕೆ ಇಡಿ, ಸಹಿ ಮಾಡಿದ ವಕೀಲರು ನಡೆದದ್ದನ್ನು ಬರೆದು ಕೊಡಬೇಕು ಎಂದರು ನ್ಯಾಯಾಧೀಶರು. ಆಮೇಲೆ ಅರ್ಜಿಯನ್ನು ಕೆಳಗೆ ಇಡಲು ಹೋದವರು ಇಡದೆ ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದರು.

'ವಾದಿಯದು ಇಲ್ಲಿ ಕೆಳಗಿದೆ. ಇಲ್ಲಿ ಅಂಚಿನಲ್ಲಿ ಇನ್ನೊಂದು ಹೆಬ್ಬೆಟ್ಟಿದೆಯಲ್ಲ, ನೇರಳೆ ಬಣ್ಣದ್ದು. ಇದು ಯಾರದು?'

ಬೆವರಿಗೆ ಕರಗಿದ ಬೆಳಗಿನ ಇಂಕು. ಎ ಷೆಡ್ಯೂಲಿನ ಸಾಲಿನ ಪಕ್ಕದಲ್ಲೇ, ಗೆರೆಗೆ ಗೆರೆ ಬಿಡದೆ ಬಿದ್ದಿತ್ತು.

'ನನ್ನದು,' ಎಂದಳು ಮೇಧಾ. ಈ ಸಲ ಯಾರೂ ಜೋರಾಗಿ ಹೇಳಿ ಅನ್ನಲಿಲ್ಲ.